ಸಪೋರ್ಟ್ ಮಾಡುತ್ತೆ ಅಂದರೆ ತೋರಿಸುತ್ತೆ ಅಂತಲ್ಲ: ಮೂರು ಟಿವಿ, ಒಂದು ಪೆನ್ ಡ್ರೈವ್

ಬೆಂಗಳೂರಿನ ವಿಜಯನಗರದಲ್ಲಿರುವ ಅಣ್ಣನ ಮನೆಯ ಹಾಲ್ ಹತ್ತಡಿ ಅಗಲ, ಹದಿನಾಲ್ಕಡಿ ಉದ್ದ. ಸೋಫಾದಲ್ಲಿ ಕೂತರೆ ಟಿವಿ ಗೋಡೆ ಎಂಟಡಿ ದೂರ. ಎಡಗಡೆ ಕಿಟಕಿ. ಮಧ್ಯಾಹ್ನ ಮೂರು ಗಂಟೆಗೆ ಬಿಸಿಲು ನೇರ ಒಳಗೆ ಬರುತ್ತದೆ. ಹತ್ತು ವರ್ಷದ ಹಳೆ ಟಿವಿಯಲ್ಲಿ ಹಸಿರು ಗೆರೆ ಬಿತ್ತು. ಅತ್ತಿಗೆ ಫೋನ್ ಮಾಡಿದರು. "ನೀನೇ ನೋಡಿ ಹೇಳೇ. ಈ ಕ್ಯೂಎಲ್‌ಇಡಿ, ಓಎಲ್‌ಇಡಿ, ಎಚ್‌ಡಿಆರ್, ಒಂದೂ ನನ್ನ ತಲೆಗೆ ಹೋಗ್ತಿಲ್ಲ."

ಅವರು ಆಗಲೇ ಮೂರು ಟಿವಿ ಆರಿಸಿಟ್ಟಿದ್ದರು. ಒಂದು ಆನ್‌ಲೈನ್‌ನಲ್ಲಿ ಮಾತ್ರ ಸಿಗುವ ಬ್ರ್ಯಾಂಡ್: 55 ಇಂಚು, 4ಕೆ, ಕ್ಯೂಎಲ್‌ಇಡಿ, 120 ಹರ್ಟ್ಸ್, ಡಾಲ್ಬಿ ಅಟ್ಮಾಸ್, ಬೆಲೆ 36 ಸಾವಿರ. ಎರಡನೆಯದು ದೊಡ್ಡ ಕಂಪನಿಯ ಸಾದಾ 50 ಇಂಚಿನ 4ಕೆ ಎಲ್‌ಇಡಿ, 42 ಸಾವಿರ. ಮೂರನೆಯದು ಅಂಥದ್ದೇ ಇನ್ನೊಂದು ಕಂಪನಿಯ ಹೋದ ವರ್ಷದ ಮಾಡೆಲ್, 55 ಇಂಚಿನ ಕ್ಯೂಎಲ್‌ಇಡಿ, 54 ಸಾವಿರ. ಅತ್ತಿಗೆಯ ಬಜೆಟ್ 45. ಕಾಗದದ ಮೇಲೆ ನೋಡಿದರೆ ಯೋಚನೆ ಮಾಡುವುದೇ ಬೇಡ. ಎಲ್ಲಕ್ಕಿಂತ ಕಡಿಮೆ ಬೆಲೆಯ ಟಿವಿಯಲ್ಲೇ ಎಲ್ಲಕ್ಕಿಂತ ಜಾಸ್ತಿ ಹೆಸರುಗಳಿವೆ. ಅನುಮಾನ ಬರಬೇಕಾದದ್ದೂ ಅಲ್ಲೇ.

ಆ ಮೂರರ ವಿವರಗಳನ್ನೂ ಒಂದು ರಾತ್ರಿ ಕೂತು ಓದಿದೆ. ಒಂದು ಪದ ಮತ್ತೆ ಮತ್ತೆ ಬರುತ್ತಿತ್ತು: ಸಪೋರ್ಟ್. ಎಚ್‌ಡಿಆರ್ ಸಪೋರ್ಟ್, ಅಟ್ಮಾಸ್ ಸಪೋರ್ಟ್, 120 ಹರ್ಟ್ಸ್ ಸಪೋರ್ಟ್. ಈ ಪದ ಹೇಳುವುದು ಟಿವಿಯೊಳಗೆ ಏನು ಹೋಗುತ್ತದೆ ಅಂತ. ಪರದೆಯ ಮೇಲೆ ಏನು ಬರುತ್ತದೆ ಅನ್ನುವುದು ಬೇರೆ ಮಾತು. ನಮ್ಮ ಮಿಕ್ಸಿಯೊಳಗೂ ಗೋಡಂಬಿ ಹಾಕಬಹುದು, ಹಾಗಂತ ಅದನ್ನು ಗೋಡಂಬಿ ಮಿಕ್ಸಿ ಅಂತ ಯಾರೂ ಮಾರುವುದಿಲ್ಲ. ಟಿವಿಯವರು ಮಾರುತ್ತಾರೆ.

ಎಲ್‌ಇಡಿ, ಕ್ಯೂಎಲ್‌ಇಡಿ, ಓಎಲ್‌ಇಡಿ

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಎಲ್‌ಇಡಿ ಟಿವಿ ಅಂತ ನಾವು ಕರೆಯುವುದು ಎಲ್‌ಸಿಡಿ ಟಿವಿಯನ್ನೇ. ಪರದೆ ಎಲ್‌ಸಿಡಿ. ಅದಕ್ಕೆ ತನ್ನದೇ ಬೆಳಕಿಲ್ಲ. ಹಿಂದಿನಿಂದ ದೀಪ ಬೇಕು. ಮೊದಲು ಆ ದೀಪ ಟ್ಯೂಬ್‌ಲೈಟಿನ ಜಾತಿಯದಿತ್ತು, ಆಮೇಲೆ ಎಲ್‌ಇಡಿ ಬಂತು. ದೀಪ ಬದಲಾಯಿತು, ಟಿವಿಯ ಹೆಸರೇ ಬದಲಾಗಿ ಹೋಯಿತು.

ಕ್ಯೂಎಲ್‌ಇಡಿಯೂ ಅದೇ ಎಲ್‌ಸಿಡಿ. ದೀಪಕ್ಕೂ ಪರದೆಗೂ ನಡುವೆ ಕ್ವಾಂಟಮ್ ಡಾಟ್ ಅನ್ನುವ ಅತಿ ಸಣ್ಣ ಹರಳುಗಳ ಒಂದು ಪದರ ಇರುತ್ತದೆ. ನೀಲಿ ಬೆಳಕು ಅದನ್ನು ದಾಟುವಾಗ ಶುದ್ಧವಾದ ಕೆಂಪು, ಹಸಿರು ಹುಟ್ಟುತ್ತವೆ. ಹಾಗಾಗಿ ಬಣ್ಣ ನಿಜವಾಗಿಯೂ ಚೆನ್ನಾಗಿರುತ್ತದೆ, ಇದು ಸುಳ್ಳಲ್ಲ. ಆದರೆ ಕಪ್ಪು ಎಷ್ಟು ಕಪ್ಪಾಗಿರುತ್ತದೆ ಅನ್ನುವುದಕ್ಕೂ ಈ ಪದರಕ್ಕೂ ಸಂಬಂಧವಿಲ್ಲ. ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ. ರಾತ್ರಿ ಲೈಟ್ ಆರಿಸಿ ನೋಡಿದರೆ ಕತ್ತಲ ದೃಶ್ಯ ಬೂದಿ ಬಳಿದ ಹಾಗೆ ಕಾಣುತ್ತದೆ.

ಓಎಲ್‌ಇಡಿ ಬೇರೆಯೇ ಜಾತಿ. ಒಂದೊಂದು ಚುಕ್ಕಿಯೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಕಪ್ಪು ಅಂದರೆ ಪೂರ್ತಿ ಕಪ್ಪು. ಕ್ಯೂಎಲ್‌ಇಡಿ ಅಂತ ಓದುವಾಗ ಮನಸ್ಸಿಗೆ ಓಎಲ್‌ಇಡಿ ಬರಲಿ ಅಂತಲೇ ಆ ಹೆಸರು ಇಟ್ಟರೇನೋ ಅಂತ ನನಗೆ ಅನ್ನಿಸುತ್ತದೆ. ಈ ಜಗಳ ಕಂಪನಿಗಳ ನಡುವೆಯೂ ಆಗಿದೆ. 2019ರಲ್ಲಿ ಎಲ್‌ಜಿ ಕಂಪನಿ, ಸ್ಯಾಮ್‌ಸಂಗ್‌ನ ಕ್ಯೂಎಲ್‌ಇಡಿ ಜಾಹೀರಾತು ದಾರಿ ತಪ್ಪಿಸುವಂಥದ್ದು ಅಂತ ದಕ್ಷಿಣ ಕೊರಿಯಾದ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟಿತು. ಸ್ಯಾಮ್‌ಸಂಗ್ ತಿರುಗಿ ಒಂದು ದೂರು ಕೊಟ್ಟಿತು. 2020ರಲ್ಲಿ ಇಬ್ಬರೂ ದೂರು ವಾಪಸ್ ತೆಗೆದುಕೊಂಡರು. ಹೆಸರು ಹಾಗೇ ಉಳಿಯಿತು.

ಹಾಗಾದರೆ ಓಎಲ್‌ಇಡಿಯೇ ಮೇಲು, ಅಲ್ವಾ? ಅಣ್ಣನ ಮನೆಗೆ ಅಲ್ಲ. ಅಪ್ಪ ಬೆಳಿಗ್ಗೆ ಏಳರಿಂದ ಕನ್ನಡ ನ್ಯೂಸ್ ಚಾನೆಲ್ ಹಾಕುತ್ತಾರೆ. ಕೆಳಗೆ ಕೆಂಪು ಪಟ್ಟಿ, ಮೂಲೆಯಲ್ಲಿ ಲೋಗೋ, ಮೇಲೆ ಇನ್ನೊಂದು ಪಟ್ಟಿ, ದಿನಕ್ಕೆ ಐದಾರು ಗಂಟೆ. ಓಎಲ್‌ಇಡಿಯಲ್ಲಿ ಹೀಗೆ ಕದಲದ ಚಿತ್ರ ವರ್ಷಗಟ್ಟಲೆ ಇದ್ದರೆ ಅದರ ನೆರಳು ಪರದೆಯಲ್ಲಿ ಉಳಿದುಬಿಡಬಹುದು. ಇದಕ್ಕೆ ಬರ್ನ್-ಇನ್ ಅನ್ನುತ್ತಾರೆ. ಈಗಿನ ಸೆಟ್‌ಗಳಲ್ಲಿ ಅದನ್ನು ತಡೆಯುವ ಉಪಾಯಗಳಿವೆ, ಆದರೂ ವಾರಂಟಿಯಲ್ಲಿ ಇದು ಸೇರಿದೆಯೋ ಇಲ್ಲವೋ ಅಂತ ಬರಹದಲ್ಲೇ ಕೇಳಬೇಕು. ಜೊತೆಗೆ ಮೂರು ಗಂಟೆಯ ಬಿಸಿಲು. ಅಂಥ ಹಾಲ್‌ಗೆ ಜಾಸ್ತಿ ಬೆಳಕು ಕೊಡುವ ಎಲ್‌ಸಿಡಿಯೇ ವಾಸಿ. ರಾತ್ರಿ ಕತ್ತಲಲ್ಲಿ ಸಿನಿಮಾ ನೋಡುವವರಾದರೆ ಓಎಲ್‌ಇಡಿಗೆ ದುಡ್ಡು ಹಾಕಿ, ಮರುಮಾತಿಲ್ಲ.

ಮಿನಿ ಎಲ್‌ಇಡಿ ಇವೆರಡರ ನಡುವಿನದು. ಹಿಂದಿನ ದೀಪಗಳನ್ನು ಸಣ್ಣದಾಗಿಸಿ, ಗುಂಪು ಗುಂಪಾಗಿ ವಿಂಗಡಿಸಿರುತ್ತಾರೆ. ಕತ್ತಲಿರುವ ಕಡೆ ಆ ಗುಂಪಿನ ದೀಪ ಮಂಕಾಗುತ್ತದೆ. ಇದಕ್ಕೆ ಲೋಕಲ್ ಡಿಮ್ಮಿಂಗ್ ಅಂತ ಹೆಸರು. ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟು ಝೋನ್, ಅಂದರೆ ದೀಪದ ಗುಂಪು ಎಷ್ಟು? ನೂರಾರು ಝೋನ್ ಇದ್ದರೆ ವ್ಯತ್ಯಾಸ ಕಾಣುತ್ತದೆ. ಅಂಗಡಿಯವರು "ಅದೆಲ್ಲ ಆಟೊಮ್ಯಾಟಿಕ್ ಮೇಡಂ" ಅಂದರೆ ಇಲ್ಲ ಅಂತಲೇ ತಿಳಿದುಕೊಳ್ಳಿ.

ಅತ್ತಿಗೆಯ ಪಟ್ಟಿಯ ಎರಡು ಕ್ಯೂಎಲ್‌ಇಡಿಗಳ ನಡುವಿನ 18 ಸಾವಿರದ ವ್ಯತ್ಯಾಸ ಇದ್ದದ್ದು ಇಲ್ಲೇ. 54 ಸಾವಿರದ್ದಕ್ಕೆ ಲೋಕಲ್ ಡಿಮ್ಮಿಂಗ್ ಇತ್ತು. 36 ಸಾವಿರದ್ದಕ್ಕೆ ಇರಲಿಲ್ಲ. ಪೆಟ್ಟಿಗೆಯ ಮೇಲಿನ ದೊಡ್ಡ ಅಕ್ಷರ ಮಾತ್ರ ಎರಡಕ್ಕೂ ಒಂದೇ.

120 ಹರ್ಟ್ಸ್, ಯಾರ ಲೆಕ್ಕದಲ್ಲಿ?

ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ಬಿಡಿಸುತ್ತದೆ ಅನ್ನುವುದು ಹರ್ಟ್ಸ್. ಸಾದಾ ಟಿವಿ 60, ದುಬಾರಿ ಟಿವಿ 120. ಇಷ್ಟೇ ಆಗಿದ್ದರೆ ಸರಿ ಇತ್ತು. ಆದರೆ "ಮೋಷನ್ ರೇಟ್ 120", "ಎಫೆಕ್ಟಿವ್ 240" ಅಂತೆಲ್ಲ ಬರುತ್ತವೆ. ಇವು ಪರದೆಯ ವೇಗವಲ್ಲ. ಸಾಫ್ಟ್‌ವೇರ್ ಮಾಡುವ ಕಸರತ್ತನ್ನೂ ದೀಪ ಮಿನುಗಿಸುವುದನ್ನೂ ಸೇರಿಸಿ ಕಂಪನಿಗಳು ತಾವೇ ಕಟ್ಟಿಕೊಂಡ ಅಂಕಿ. ಅಮೆರಿಕದಲ್ಲಿ ವಿಝಿಯೋ ಕಂಪನಿ ಇಂಥದ್ದೇ "ಎಫೆಕ್ಟಿವ್" ಅಂಕಿಯ ಮೇಲೆ ಕ್ಯಾಲಿಫೋರ್ನಿಯಾದ ಗ್ರಾಹಕರು ಹಾಕಿದ ಕೇಸನ್ನು 30 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ತಪ್ಪು ಮಾಡಿದ್ದೇವೆ ಅಂತ ಮಾತ್ರ ಒಪ್ಪಲಿಲ್ಲ.

ಈಗ ಇನ್ನೂ ಸೂಕ್ಷ್ಮವಾದ ದಾರಿ ಬಂದಿದೆ. ಡಿಎಲ್‌ಜಿ ಅಂತ ಒಂದು ಉಪಾಯ. ಪರದೆ 60 ಹರ್ಟ್ಸಿನದೇ. ಎರಡೆರಡು ಸಾಲನ್ನು ಒಟ್ಟಿಗೆ ಬಿಡಿಸಿ ವೇಗವನ್ನು 120ಕ್ಕೆ ಏರಿಸುತ್ತಾರೆ, ಸ್ಪಷ್ಟತೆ ಅರ್ಧಕ್ಕೆ ಇಳಿಯುತ್ತದೆ. 4ಕೆಯೂ ಹೌದು, 120 ಹರ್ಟ್ಸೂ ಹೌದು, ಆದರೆ ಎರಡೂ ಒಟ್ಟಿಗೆ ಬರುವುದಿಲ್ಲ. ಆನ್‌ಲೈನ್ ಪುಟದ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ, ಅತ್ತಿಗೆಯ ಮೊದಲ ಟಿವಿಯದೂ ಇದೇ ಕತೆ.

ಅಂಗಡಿಯವರು ಹೇಳಿದ್ದು, "ಕ್ರಿಕೆಟ್‌ಗೆ 120 ಬೇಕೇ ಬೇಕು ಮೇಡಂ." ಸ್ವಲ್ಪ ಲೆಕ್ಕ ಹಾಕೋಣ. ನಮ್ಮ ದೇಶದ ಟಿವಿ ಪ್ರಸಾರ ಮೊದಲಿನಿಂದಲೂ 50ರ ಲೆಕ್ಕದಲ್ಲಿದೆ. ಚಿನ್ನಸ್ವಾಮಿಯಲ್ಲಿ ಹೊಡೆದ ಸಿಕ್ಸರ್ ನಿಮ್ಮ ಮನೆಗೆ ಬರುವಾಗ ಸೆಕೆಂಡಿಗೆ ಹೆಚ್ಚೆಂದರೆ 50 ಚಿತ್ರ. 120 ಹರ್ಟ್ಸಿನ ಪರದೆ ಉಳಿದ ಚಿತ್ರಗಳನ್ನು ತಾನೇ ಊಹಿಸಿ ತುಂಬಬೇಕು. ಕೆಲವೊಮ್ಮೆ ಚೆನ್ನಾಗಿ ತುಂಬುತ್ತದೆ, ಕೆಲವೊಮ್ಮೆ ಚೆಂಡಿನ ಹಿಂದೆ ಬಾಲ ಬೆಳೆಯುತ್ತದೆ. ಸಿನಿಮಾ ಸೆಕೆಂಡಿಗೆ 24 ಚಿತ್ರ. 120ನ್ನು 24ರಿಂದ ಭಾಗಿಸಿದರೆ ಸರಿಯಾಗಿ ಐದು, 60ನ್ನು ಭಾಗಿಸಿದರೆ ಎರಡೂವರೆ. ಹಾಗಾಗಿ ಕ್ಯಾಮೆರಾ ಮೆಲ್ಲಗೆ ಸರಿಯುವ ದೃಶ್ಯದಲ್ಲಿ 120 ಹರ್ಟ್ಸಿನ ಟಿವಿ ನುಣುಪಾಗಿರುತ್ತದೆ. ಇದು ನಿಜವಾದ ಲಾಭ, ಆದರೆ ಸಣ್ಣದು. ಪೂರ್ತಿ ಲಾಭ ಸಿಗುವುದು ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಇಟ್ಟುಕೊಂಡಿರುವ ಮಕ್ಕಳಿಗೆ.

ಅವರಿಗೊಂದು ಮಾತು. "ಎಚ್‌ಡಿಎಂಐ 2.1" ಅನ್ನುವ ಚೀಟಿ ನಂಬಿ ಕೊಳ್ಳಬೇಡಿ. ಎಚ್‌ಡಿಎಂಐ ಅಂದರೆ ಗೇಮ್ ಪೆಟ್ಟಿಗೆಯ ಕೇಬಲ್ ಚುಚ್ಚುವ ಪೋರ್ಟು, 2.1 ಅದರ ಮಾನದಂಡದ ಸಂಖ್ಯೆ. ಆ ಮಾನದಂಡದಲ್ಲಿ ಹೊಸ ಸೌಲಭ್ಯಗಳೆಲ್ಲ ಐಚ್ಛಿಕ. ಹಳೆ 2.0ರ ವೇಗ ಮಾತ್ರ ಇದ್ದರೂ 2.1 ಅಂತ ಬರೆದುಕೊಳ್ಳಲು ಅವಕಾಶವಿದೆ. "4ಕೆಯಲ್ಲಿ 120 ಹರ್ಟ್ಸ್ ಬರುತ್ತಾ, ಯಾವ ಪೋರ್ಟಿನಲ್ಲಿ, ವಿಆರ್‌ಆರ್ ಇದೆಯಾ" ಅಂತ ಕೇಳಿ. ವಿಆರ್‌ಆರ್ ಅಂದರೆ ಆಟದ ವೇಗಕ್ಕೆ ಪರದೆಯ ವೇಗ ಹೊಂದಿಕೊಳ್ಳುವ ಸೌಲಭ್ಯ.

ಎಚ್‌ಡಿಆರ್, ನೂರು ಕೋಟಿ ಬಣ್ಣ, 178 ಡಿಗ್ರಿ

ಸಪೋರ್ಟ್ ಅನ್ನುವ ಪದ ಅತಿ ಜಾಸ್ತಿ ಮೋಸ ಮಾಡುವುದು ಎಚ್‌ಡಿಆರ್‌ನಲ್ಲಿ. ಬಿಸಿಲಿನ ಹೊಳಪು, ದೀಪದ ಕುಡಿ, ಇವೆಲ್ಲ ಕಣ್ಣಿಗೆ ಕುಕ್ಕುವ ಹಾಗೆ ಇರಬೇಕು ಅನ್ನುವುದು ಅದರ ಉದ್ದೇಶ. ಬೆಳಕನ್ನು ಅಳೆಯುವುದು ನಿಟ್ಸ್ ಲೆಕ್ಕದಲ್ಲಿ. ಎಚ್‌ಡಿಆರ್ ಚಿತ್ರಗಳನ್ನು ಸಾಮಾನ್ಯವಾಗಿ 1000 ನಿಟ್ಸ್ ಅಥವಾ ಅದಕ್ಕೂ ಮೇಲಿನ ಬೆಳಕಿಗೆ ತಯಾರಿಸುತ್ತಾರೆ. ಕಡಿಮೆ ಬೆಲೆಯ ಟಿವಿ ಕೊಡುವುದು 250, 300 ನಿಟ್ಸ್. ಅದು ಎಚ್‌ಡಿಆರ್ ಸಿಗ್ನಲ್ಲನ್ನು ತೆಗೆದುಕೊಳ್ಳುತ್ತದೆ, ಆಮೇಲೆ ತನ್ನ ಅಳತೆಗೆ ಹಿಂಡುತ್ತದೆ. ಎಷ್ಟೋ ಸಲ ಚಿತ್ರ ಮೊದಲಿಗಿಂತ ಮಂಕಾಗುತ್ತದೆ. "ಡಾಲ್ಬಿ ವಿಷನ್ ಹಾಕಿದ್ರೆ ಯಾಕೋ ಕತ್ತಲೆ ಅನ್ಸುತ್ತೆ" ಅಂತ ಜನ ದೂರುವುದು ಇದಕ್ಕೇ, ಡಾಲ್ಬಿ ವಿಷನ್ನೂ ಒಂದು ಬಗೆಯ ಎಚ್‌ಡಿಆರ್. ಟಿವಿ ಕೆಟ್ಟಿಲ್ಲ. ಕೊಂಡಾಗಲೇ ಹಾಗಿತ್ತು. ನಿಟ್ಸ್ ಅಂಕಿ ಎಲ್ಲೂ ಬರೆದಿಲ್ಲ ಅಂದರೆ ಅದು ಹೆಚ್ಚಾಗಿ ಹೇಳಿಕೊಳ್ಳುವಂಥದ್ದಲ್ಲ ಅಂತ. 600ಕ್ಕಿಂತ ಕಡಿಮೆ ಇದ್ದರೆ ನಾನು ಎಚ್‌ಡಿಆರ್ ಅನ್ನುವ ಪದವನ್ನು ಹೋಲಿಕೆಯಿಂದಲೇ ತೆಗೆದುಹಾಕುತ್ತೇನೆ.

ನೂರು ಕೋಟಿ ಬಣ್ಣ ಅನ್ನುವುದರ ಲೆಕ್ಕ ಸುಲಭ. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 1024 ಮೆಟ್ಟಿಲು. ಮೂರನ್ನೂ ಗುಣಿಸಿದರೆ 107 ಕೋಟಿ. ಇದು 10 ಬಿಟ್ ಪರದೆ. 8 ಬಿಟ್ ಪರದೆಯಲ್ಲಿ 256 ಮೆಟ್ಟಿಲು, ಒಟ್ಟು 1.67 ಕೋಟಿ ಬಣ್ಣ. 8 ಬಿಟ್ ಪರದೆಯೇ ಎರಡು ಹತ್ತಿರದ ಬಣ್ಣಗಳನ್ನು ಬೇಗ ಬೇಗ ಬದಲಿಸಿ ನಡುವಿನ ಬಣ್ಣದ ಭ್ರಮೆ ಹುಟ್ಟಿಸಬಹುದು. ಆಗಲೂ ಪೆಟ್ಟಿಗೆಯ ಮೇಲೆ ನೂರು ಕೋಟಿ ಅಂತಲೇ ಬರೆಯುತ್ತಾರೆ. ಇದರ ಬಗ್ಗೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಎಂಟಡಿ ದೂರದಿಂದ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ.

178 ಡಿಗ್ರಿ ನೋಟ ಅನ್ನುವುದಕ್ಕೆ ಮಾತ್ರ ಸಿಟ್ಟಿದೆ. ನಮ್ಮ ಮನೆಗಳಲ್ಲಿ ಹಬ್ಬದ ದಿನ ಹತ್ತು ಜನ ಕೂರುತ್ತಾರೆ, ಮೂರು ಜನ ನೆಲದ ಮೇಲೆ, ಒಬ್ಬರು ಅಡುಗೆಮನೆ ಬಾಗಿಲಲ್ಲಿ. 178 ಅಂದರೆ ಎಲ್ಲರಿಗೂ ಒಂದೇ ಥರ ಕಾಣುತ್ತೆ ಅಂದುಕೊಳ್ಳುತ್ತೇವೆ. ಆ ಅಂಕಿಯ ರೂಢಿಯ ಅರ್ಥ ಬೇರೆ. ಪಕ್ಕಕ್ಕೆ ಸರಿದಂತೆ ಬಿಳಿಗೂ ಕಪ್ಪಿಗೂ ಇರುವ ಅಂತರ ಕುಸಿಯುತ್ತದೆ. ಅದು ಹತ್ತಕ್ಕೆ ಒಂದರಷ್ಟಾಗುವ ಜಾಗದವರೆಗೂ "ನೋಟ" ಅಂತ ಲೆಕ್ಕ. ನೇರ ಎದುರು ಕೂತವನಿಗೆ ಆ ಅಂತರ ಸಾವಿರಕ್ಕೆ ಒಂದೋ, ನಾಲ್ಕು ಸಾವಿರಕ್ಕೆ ಒಂದೋ ಇರುತ್ತದೆ. ಬಾಗಿಲಲ್ಲಿ ನಿಂತ ಅತ್ತಿಗೆಗೆ ಅದು ಹತ್ತಕ್ಕೆ ಒಂದಕ್ಕೆ ಇಳಿದರೂ 178 ಅನ್ನುವ ಅಂಕಿ ಸುಳ್ಳಾಗುವುದಿಲ್ಲ. ಎಲ್‌ಸಿಡಿಯಲ್ಲಿ ಐಪಿಎಸ್, ವಿಎ ಅಂತ ಎರಡು ಬಗೆ. ಐಪಿಎಸ್ ಪರದೆ ಪಕ್ಕದಿಂದ ಚೆನ್ನಾಗಿ ಕಾಣುತ್ತದೆ, ಎದುರಿನಿಂದ ಕಪ್ಪು ಸ್ವಲ್ಪ ಬೂದು. ವಿಎ ಪರದೆ ಇದಕ್ಕೆ ತದ್ವಿರುದ್ಧ. ಎರಡರ ಮೇಲೂ 178 ಅಂತಲೇ ಇರುತ್ತದೆ. ಅಂಗಡಿಯಲ್ಲಿ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ, ಮುಗಿಯಿತು.

"10,00,000:1 ಡೈನಾಮಿಕ್ ಕಾಂಟ್ರಾಸ್ಟ್" ಮತ್ತು "ಎ ಪ್ಲಸ್ ಗ್ರೇಡ್ ಪ್ಯಾನೆಲ್" ಇವೆರಡನ್ನು ಓದಲೇಬೇಡಿ. ಮೊದಲನೆಯದರಲ್ಲಿ ದೀಪ ಪೂರ್ತಿ ಉರಿಸಿದಾಗಿನ ಬಿಳಿಯನ್ನೂ, ಬೇರೊಂದು ಹೊತ್ತಿನಲ್ಲಿ ದೀಪ ಇಳಿಸಿದಾಗಿನ ಕಪ್ಪನ್ನೂ ಹೋಲಿಸಿರುತ್ತಾರೆ. ಎರಡನೆಯದು ಮಾರುವವರು ತಮಗೆ ತಾವೇ ಕೊಟ್ಟುಕೊಂಡ ಮಾರ್ಕು.

4ಕೆ ನಿಜ, ಆದರೆ ಎಷ್ಟು ದೂರದಿಂದ?

4ಕೆ ಪರದೆಯಲ್ಲಿ 3840 ಅಡ್ಡ, 2160 ಉದ್ದ, ಒಟ್ಟು ಸುಮಾರು 83 ಲಕ್ಷ ಚುಕ್ಕಿ. ಫುಲ್ ಎಚ್‌ಡಿಯಲ್ಲಿ ಸುಮಾರು 21 ಲಕ್ಷ. ನಾಲ್ಕು ಪಟ್ಟು ಅನ್ನುವುದು ಸತ್ಯ. ಆದರೆ ಕಣ್ಣಿಗೂ ಒಂದು ಮಿತಿ ಇದೆ. ಡಾಕ್ಟರ್ 6/6 ಅಂತ ಬರೆದುಕೊಟ್ಟ ಕಣ್ಣಿನ ಲೆಕ್ಕ ಹಿಡಿದರೆ, 43 ಇಂಚಿನ ಟಿವಿಯಲ್ಲಿ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ಗೊತ್ತಾಗಬೇಕಾದರೆ ಸುಮಾರು ಐದೂವರೆ ಅಡಿಗಿಂತ ಹತ್ತಿರ ಕೂರಬೇಕು. 50 ಇಂಚಿಗೆ ಆರೂವರೆ ಅಡಿ. 55ಕ್ಕೆ ಏಳಡಿ. 65ಕ್ಕೆ ಎಂಟೂವರೆ. ಅಣ್ಣನ ಸೋಫಾ ಎಂಟಡಿಯಲ್ಲಿದೆ. 65ರಲ್ಲೂ 4ಕೆಯ ನಾಲ್ಕು ಪಟ್ಟು ಚುಕ್ಕಿಯ 8ಕೆ ಲಾಭ ಸಿಗಬೇಕಾದರೆ ನಾಲ್ಕು ಅಡಿಗೆ ಸರಿಯಬೇಕು. ಅಷ್ಟು ಹತ್ತಿರ ಕೂತರೆ ಅಮ್ಮ ಬೈಯುತ್ತಿದ್ದರು.

ಈಗ 43 ಇಂಚಿನ ಮೇಲಿನ ಬಹುಪಾಲು ಟಿವಿಗಳು ಹೇಗೂ 4ಕೆಯೇ. ಹಾಗಾಗಿ ಅದಕ್ಕೆಂದು ಬೇರೆ ದುಡ್ಡು ಕೊಡುವ ಪ್ರಶ್ನೆ ಬರುವುದಿಲ್ಲ. ಒಂದೇ ಎಚ್ಚರ: ಸಣ್ಣ ಬ್ರ್ಯಾಂಡ್‌ಗಳ 32, 40 ಇಂಚಿನಲ್ಲಿ "4ಕೆ ಸಪೋರ್ಟ್" ಅಂತ ಇರುತ್ತದೆ. ಪೆನ್ ಡ್ರೈವಿನಲ್ಲಿ 4ಕೆ ವಿಡಿಯೋ ಹಾಕಿದರೆ ಓಡುತ್ತದೆ ಅಂತ ಅದರ ಅರ್ಥ. ಪರದೆ 1366 × 768 ಇರಬಹುದು. "ಪ್ಯಾನೆಲ್ ರೆಸಲ್ಯೂಶನ್ ಎಷ್ಟು" ಅಂತಲೇ ಕೇಳಿ.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ದಿನವಿಡೀ ಓಡುವುದು ಡಿಟಿಎಚ್ ಅಥವಾ ಕೇಬಲ್. ಎಸ್‌ಡಿ ಚಾನೆಲ್ ಅಂದರೆ ಹೆಚ್ಚೆಂದರೆ 720 × 576 ಚುಕ್ಕಿ, ನಾಲ್ಕು ಲಕ್ಷದ ಸುತ್ತಮುತ್ತ. ಅದನ್ನು 83 ಲಕ್ಷಕ್ಕೆ ಹಿಗ್ಗಿಸಬೇಕು. ಒಂದು ಚುಕ್ಕಿಗೆ ಇಪ್ಪತ್ತು ಮಾಡಿದ ಹಾಗೆ. ಈ ಹಿಗ್ಗಿಸುವ ಕೆಲಸ ಮಾಡುವುದು ಒಳಗಿನ ಪ್ರೊಸೆಸರ್. ಒಳ್ಳೆ ಕಂಪನಿಗೂ ಅಗ್ಗದ್ದಕ್ಕೂ ಇಲ್ಲೇ ಅಜಗಜಾಂತರ. ಜಾಹೀರಾತಿನಲ್ಲಿ ಇದಕ್ಕೆ "ಎಐ ಅಪ್‌ಸ್ಕೇಲಿಂಗ್" ಅನ್ನುವ ಎರಡೇ ಪದ, ಎಲ್ಲರದ್ದೂ ಒಂದೇ. ನೋಡದೆ ಗೊತ್ತಾಗುವುದಿಲ್ಲ. ಪರದೆ ದೊಡ್ಡದಾದಷ್ಟೂ ಎಸ್‌ಡಿ ಚಾನೆಲ್ ಹದಗೆಡುತ್ತದೆ. 50ಕ್ಕಿಂತ 55 ಇಂಚು ವಿಸ್ತೀರ್ಣದಲ್ಲಿ ಶೇಕಡ 21 ಜಾಸ್ತಿ. ಧಾರಾವಾಹಿಯ ನಾಯಕಿಯ ಮುಖದ ಮಸುಕೂ ಶೇಕಡ 21 ಜಾಸ್ತಿ.

ಪೆನ್ ಡ್ರೈವ್ ಹಿಡಿದು ಹೊರಟೆವು

ಅಂಗಡಿಯಲ್ಲಿ ಓಡುವುದು ಕಂಪನಿಯ ಡೆಮೊ ವಿಡಿಯೋ. ಗಿಳಿ, ಜೇನುತುಪ್ಪ, ಹೂವು, ನಿಧಾನವಾಗಿ ಬೀಳುವ ಬಣ್ಣದ ಪುಡಿ. ಇದರಲ್ಲಿ ಯಾವ ಟಿವಿಯೂ ಕೆಟ್ಟದಾಗಿ ಕಾಣಲು ಸಾಧ್ಯವಿಲ್ಲ. ಮೇಲಿಂದ ಟಿವಿ ಸ್ಟೋರ್ ಮೋಡಿನಲ್ಲಿರುತ್ತದೆ. ಬೆಳಕು ಪೂರ್ತಿ, ಬಣ್ಣ ಪೂರ್ತಿ, ಸ್ವಲ್ಪ ನೀಲಿ ಛಾಯೆ. ಪಕ್ಕಪಕ್ಕದ ಟಿವಿಗಳಲ್ಲಿ ಜಾಸ್ತಿ ಬೆಳಗುವುದರ ಕಡೆಗೇ ಕಣ್ಣು ಹೋಗುತ್ತದೆ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು.

ಹಾಗಾಗಿ ನಮ್ಮದೇ ಪೆನ್ ಡ್ರೈವ್ ಒಯ್ದೆವು. ಅದರಲ್ಲಿ ನಾಲ್ಕೇ ಫೈಲ್. ಪೂರ್ತಿ ಕಪ್ಪು ಚಿತ್ರ ಒಂದು, ನಡುವೆ ಸಣ್ಣ ಬಿಳಿ ಚೌಕ. ಅಣ್ಣನ ಮಗನ ನಾಮಕರಣದ ವಿಡಿಯೋ, ಮನೆಯ ಬೆಳಕಿನಲ್ಲಿ ತೆಗೆದದ್ದು. ಎಡದಿಂದ ಬಲಕ್ಕೆ ಓಡುವ ಅಕ್ಷರಗಳದ್ದೊಂದು. ಮತ್ತೆ ಅಪ್ಪನಿಗಾಗಿ ಹಳೆಯ ಸಿನಿಮಾ ಹಾಡೊಂದು, ಉದ್ದೇಶಪೂರ್ವಕವಾಗಿ ಕಳಪೆ ಕ್ವಾಲಿಟಿಯದು. ಜಯನಗರದ ಅಂಗಡಿಯ ಹುಡುಗ ಮೊದಲು ಹಿಂಜರಿದ. "ಡೆಮೊ ಪೀಸಿಗೆ ಪೆನ್ ಡ್ರೈವ್ ಹಾಕೋ ಹಾಗಿಲ್ಲ ಮೇಡಂ." ಅತ್ತಿಗೆ, "ಹಾಗಾದ್ರೆ ಬಿಡಪ್ಪ, ಪಕ್ಕದ ರೋಡಲ್ಲಿ ಕೇಳ್ತೀವಿ" ಅಂದರು. ಹಾಕಿದ. ಪಿಕ್ಚರ್ ಮೋಡನ್ನು ಸ್ಟ್ಯಾಂಡರ್ಡ್‌ಗೆ ಬದಲಿಸಿಕೊಟ್ಟ. ಆಮೇಲೆ ಅವನಿಗೇ ಕುತೂಹಲ ಹುಟ್ಟಿ ಇನ್ನೂ ಎರಡು ಟಿವಿಗೆ ತಾನೇ ಹಾಕಿ ನೋಡಿದ.

54 ಸಾವಿರದ ಕ್ಯೂಎಲ್‌ಇಡಿ ಕಪ್ಪು ಚಿತ್ರದಲ್ಲಿ ಗೆದ್ದಿತು. ಬಿಳಿ ಚೌಕದ ಸುತ್ತ ಸಣ್ಣ ಮಬ್ಬು ಬೆಳಕು ಬಿಟ್ಟರೆ ಉಳಿದದ್ದು ಕಪ್ಪು. 42 ಸಾವಿರದ ಸಾದಾ ಎಲ್‌ಇಡಿಯಲ್ಲಿ ಕಪ್ಪು ಬೂದಾಗಿತ್ತು. ಆದರೆ ಹಳೆ ಹಾಡು, ನಾಮಕರಣದ ವಿಡಿಯೋ, ಓಡುವ ಅಕ್ಷರ, ಮೂರರಲ್ಲೂ ಎರಡೂ ಹೆಚ್ಚುಕಮ್ಮಿ ಸಮ. ಮುಖದ ಬಣ್ಣ ಸಾದಾ ಟಿವಿಯಲ್ಲೇ ಸ್ವಲ್ಪ ಸಹಜ ಅಂತ ನನಗೆ ಅನ್ನಿಸಿತು.

ಆನ್‌ಲೈನ್ ಟಿವಿ ನೋಡುವುದು ಎಲ್ಲಿ? ಅದೃಷ್ಟಕ್ಕೆ ಮೇಲಿನ ಮನೆಯ ಬಾಡಿಗೆಯವರು ಅದೇ ಬ್ರ್ಯಾಂಡಿನದನ್ನು ಎಂಟು ತಿಂಗಳ ಹಿಂದೆ ತಂದಿದ್ದರು. ಹಳೆ ಹಾಡು ಹಾಕಿದೆವು. ಮುಖಗಳೆಲ್ಲ ಮೇಣದ ಬೊಂಬೆಯಾಗಿದ್ದವು. ಮೆನು ಒತ್ತಿದರೆ ಎರಡು ಸೆಕೆಂಡ್ ಯೋಚನೆ ಮಾಡುತ್ತಿತ್ತು. ಮನೆಯಾಕೆ ಬೇಜಾರಿನಿಂದ ಹೇಳಿದ್ದು, "ಸರ್ವೀಸಿಗೆ ಹೇಳಿ ಹನ್ನೊಂದು ದಿನ ಆಯ್ತು, ಇವತ್ತು ನಾಳೆ ಅಂತಾರೆ." ಅಲ್ಲಿಗೆ ಮೊದಲ ಟಿವಿ ಪಟ್ಟಿಯಿಂದ ಹೋಯಿತು.

ಮೆನು ನಿಧಾನವಾಗುವುದಕ್ಕೆ ಕಾರಣ ಪೆಟ್ಟಿಗೆಯ ಮೇಲೆ ಸಣ್ಣದಾಗಿ ಬರೆದಿರುತ್ತದೆ: 1 ಜಿಬಿ ರ್‍ಯಾಮ್, 8 ಜಿಬಿ ಸ್ಟೋರೇಜ್. ಅದರಲ್ಲಿ ದೊಡ್ಡ ಪಾಲು ಟಿವಿಯೇ ತಿನ್ನುತ್ತದೆ. 2 ಜಿಬಿಗೆ ಕಡಿಮೆ ತೆಗೆದುಕೊಳ್ಳಬೇಡಿ. "ಸ್ಮಾರ್ಟ್ ಆಂಡ್ರಾಯ್ಡ್" ಅಂತ ಬರೆದದ್ದೆಲ್ಲ ಗೂಗಲ್ ಒಪ್ಪಿದ ಆಂಡ್ರಾಯ್ಡ್ ಟಿವಿಯೂ ಅಲ್ಲ. ಕೆಲವು ಅಗ್ಗದ ಸೆಟ್‌ಗಳಲ್ಲಿ ಫೋನಿಗೆಂದು ಮಾಡಿದ ಆಂಡ್ರಾಯ್ಡನ್ನೇ ತುರುಕಿರುತ್ತಾರೆ. ಅಧಿಕೃತ ಪ್ಲೇ ಸ್ಟೋರ್ ಇರುವುದಿಲ್ಲ, ನೆಟ್‌ಫ್ಲಿಕ್ಸ್ ಸರಿಯಾಗಿ ಓಡುವುದಿಲ್ಲ. ಗೂಗಲ್ ಟಿವಿ, ವೆಬ್‌ಓಎಸ್, ಟೈಜೆನ್, ಫೈರ್ ಟಿವಿ, ವಿಡಾ, ಟಿವಿಗೆಂದೇ ಮಾಡಿದ ಈ ಸಾಫ್ಟ್‌ವೇರ್‌ಗಳಲ್ಲಿ ಯಾವುದೋ ಒಂದರ ಹೆಸರು ಸ್ಪಷ್ಟವಾಗಿ ಇರಲಿ.

ಸದ್ದಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಒಂದು ಕಾಲಕ್ಕೆ ಅಂಗೈಯಗಲದ ಸ್ಪೀಕರಿನ ಮೇಲೆ "1000 ವ್ಯಾಟ್ ಪಿಎಂಪಿಒ" ಅಂತ ಉಬ್ಬಿಸಿದ ಅಂಕಿ ಬರೆದಿರುತ್ತಿತ್ತು, ನೆನಪಿದೆಯಾ? ಈಗ ಅದರ ಜಾಗಕ್ಕೆ ಅಟ್ಮಾಸ್ ಬಂದಿದೆ. ಅಟ್ಮಾಸ್ ಅಂದರೆ ತಲೆಯ ಮೇಲಿಂದಲೂ ಸದ್ದು ಬಂದ ಹಾಗೆ ಕೇಳಬೇಕು. ಟಿವಿಯಲ್ಲಿರುವುದು ನೆಲದ ಕಡೆ ಮುಖ ಮಾಡಿದ ಎರಡು ಸ್ಪೀಕರ್, ಒಟ್ಟು 20 ವ್ಯಾಟ್. ಮತ್ತೆ ಅದೇ ಸಪೋರ್ಟ್.

ದುಡ್ಡಿನ ಲೆಕ್ಕ

"ಎಂಆರ್‌ಪಿ 89,990, ನಮ್ಮಲ್ಲಿ 42,000." ಎಂಆರ್‌ಪಿಗಿಂತ ಜಾಸ್ತಿಗೆ ಮಾರಬಾರದು ಅಂತ ಕಾನೂನಿದೆ. ಎಂಆರ್‌ಪಿಯನ್ನೇ ಎಷ್ಟು ಬೇಕಾದರೂ ಮೇಲಕ್ಕೆ ಬರೆದುಕೊಳ್ಳುವುದಕ್ಕೆ ಟಿವಿಯಲ್ಲಿ ಅಡ್ಡಿಯಿಲ್ಲ. ಹಾಗಾಗಿ ಶೇಕಡ 53 ರಿಯಾಯಿತಿ ಅನ್ನುವುದಕ್ಕೆ ಅರ್ಥವಿಲ್ಲ. ಹೋಲಿಸಬೇಕಾದದ್ದು ಅದೇ ಮಾಡೆಲ್ ನಂಬರಿನ ಇವತ್ತಿನ ಬೆಲೆಯನ್ನು, ನಾಲ್ಕು ಕಡೆ. ನಂಬರಿನ ಕೊನೆಯ ಒಂದೆರಡು ಅಕ್ಷರವನ್ನೂ ನೋಡಿ. ಆನ್‌ಲೈನಿಗೆ ಒಂದು, ಅಂಗಡಿಗೆ ಒಂದು ಅಂತ ಬೇರೆ ಬೇರೆ ನಂಬರ್ ಕೊಡುವುದುಂಟು, ಬೆಲೆ ಹೋಲಿಸಲು ಆಗದಿರಲಿ ಅಂತ.

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿಯಿತು. ಕೆಲವರು ಇದನ್ನು "ಶೇಕಡ 10 ಉಳಿತಾಯ" ಅಂತ ಹೇಳುತ್ತಾರೆ. ಲೆಕ್ಕ ಹಾಕಿ: 128 ರೂಪಾಯಿಯ ಮಾಲು 118 ಆಯಿತು. ಇಳಿದದ್ದು ಶೇಕಡ 7.8. 32 ಇಂಚಿನದ್ದಕ್ಕೆ 2019ರಿಂದಲೇ 18 ಇತ್ತು, ಅದಕ್ಕೆ ಏನೂ ಇಳಿದಿಲ್ಲ.

ನೋ ಕಾಸ್ಟ್ ಇಎಂಐ ಬಗ್ಗೆ ಅಣ್ಣನಿಗೂ ನನಗೂ ಸಣ್ಣ ವಾದವಾಯಿತು. ಉದಾಹರಣೆಗೆ 48 ಸಾವಿರದ ಒಂದು ಟಿವಿಗೆ ತಿಂಗಳಿಗೆ 4 ಸಾವಿರದ ಹಾಗೆ 12 ಕಂತು. ಎಲ್ಲಿದೆ ಬಡ್ಡಿ? ಕಾರ್ಡಿನ ಬಡ್ಡಿ ವರ್ಷಕ್ಕೆ ಶೇಕಡ 15 ಅಂತ ಹಿಡಿದರೆ, ಬ್ಯಾಂಕ್ ಸಾಲ ಕೊಡುವುದು ಸುಮಾರು 44,300. ಉಳಿದ 3,700 ಬಡ್ಡಿ, ಅಂಗಡಿಯವರು ಅಷ್ಟನ್ನು ರಿಯಾಯಿತಿ ಅಂತ ತೋರಿಸುತ್ತಾರೆ. ಆ ಬಡ್ಡಿಯ ಮೇಲೆ ಶೇಕಡ 18 ಜಿಎಸ್‌ಟಿ, ಅಂದರೆ 660 ರೂಪಾಯಿ, ನಿಮ್ಮ ಕೈಯಿಂದ. ಪ್ರೊಸೆಸಿಂಗ್ ಫೀ ಬೇರೆ. ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಪೂರ್ತಿ ದುಡ್ಡು ಒಟ್ಟಿಗೆ ಕೊಟ್ಟರೆ ಎಷ್ಟು ಕಡಿಮೆ ಮಾಡ್ತೀರಿ ಅಂತ ಮೊದಲು ಕೇಳಿ, ಆಮೇಲೆ ಇಎಂಐ ಮಾತು ಎತ್ತಿ. ನಮಗೆ 1,800 ಇಳಿಯಿತು.

ಸ್ಟೆಬಿಲೈಸರ್ ಬೇಕು ಅಂದರು. ಟಿವಿಯ ಹಿಂದಿನ ಚೀಟಿ ಓದಿದೆ: 100ರಿಂದ 240 ವೋಲ್ಟ್. ಬೆಂಗಳೂರಿನಲ್ಲಿ ಕರೆಂಟಿನ ಸಾಮಾನ್ಯ ಏರಿಳಿತವನ್ನು ಅದು ಬಹುಮಟ್ಟಿಗೆ ತಾನೇ ಸಂಭಾಳಿಸುತ್ತದೆ. ಒಂದು ಒಳ್ಳೆ ಸ್ಪೈಕ್ ಗಾರ್ಡ್ ಸಾಕು. ಗುಡುಗು ಮಳೆ ಬಂದಾಗ ಪ್ಲಗ್ಗನ್ನೂ ಡಿಶ್‌ನಿಂದ ಸೆಟ್‌ಟಾಪ್ ಬಾಕ್ಸಿಗೆ ಬರುವ ವೈರನ್ನೂ ಕಿತ್ತಿಡುವುದು ಮಾತ್ರ ಮರೆಯಬೇಡಿ.

ಮೋಸ ಅನ್ನಿಸಿದರೆ

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. 2022ರ ಜಾಹೀರಾತು ಮಾರ್ಗಸೂಚಿಯಲ್ಲಿ ನನಗೆ ಇಷ್ಟವಾದ ಒಂದು ಮಾತಿದೆ. ಷರತ್ತಿನ ಟಿಪ್ಪಣಿ ಜಾಹೀರಾತಿನ ಭಾಷೆಯಲ್ಲೇ ಇರಬೇಕು. ಕನ್ನಡ ಪೇಪರಿನಲ್ಲಿ "ಅರ್ಧ ಬೆಲೆ" ಅಂತ ದಪ್ಪ ಕನ್ನಡದಲ್ಲಿ ಹಾಕಿ, ಕೆಳಗೆ ಇರುವೆ ಸಾಲಿನ ಹಾಗೆ ಇಂಗ್ಲಿಷಿನಲ್ಲಿ ಷರತ್ತು ಬರೆಯುವ ಹಾಗಿಲ್ಲ. ನಿಮ್ಮ ಮನೆಗೆ ಬಂದ ಹಬ್ಬದ ಪುರವಣಿ ಒಮ್ಮೆ ತೆಗೆದು ನೋಡಿ. "ಇನ್ನು ಎರಡೇ ಉಳಿದಿವೆ" ಅಂತ ಸುಳ್ಳು ಅವಸರ ಹುಟ್ಟಿಸುವುದು 2023ರ ನವೆಂಬರಿನ ಮಾರ್ಗಸೂಚಿ ಪಟ್ಟಿ ಮಾಡಿದ 13 ಕುತಂತ್ರಗಳಲ್ಲಿ ಒಂದು.

ಆನ್‌ಲೈನಿನಲ್ಲಿ ಕೊಳ್ಳುವ ದಿನವೇ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ, ವಿವರಗಳು ಆಮೇಲೆ ಬದಲಾಗಿಬಿಡಬಹುದು. ಅಂಗಡಿಯಲ್ಲಾದರೆ ಮಾಡೆಲ್ ನಂಬರ್ ಬಿಲ್ಲಿನಲ್ಲಿ ಪೂರ್ತಿ ಇರಲಿ. ದೂರು ಕೊಡಲು 1915ಕ್ಕೆ ಫೋನ್ ಮಾಡಬಹುದು. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಮಾರಿದವರು ದೆಹಲಿಯಲ್ಲಿದ್ದರೂ ನೀವು ವಾಸವಿರುವ ಊರಿನಲ್ಲೇ ದೂರು ಹಾಕಬಹುದು.

ಅತ್ತಿಗೆ ಕೊನೆಗೆ 50 ಇಂಚಿನ ಸಾದಾ ಟಿವಿಯನ್ನೇ ಆರಿಸಿದರು. ಉಳಿದ ದುಡ್ಡಿಗೆ ಇನ್ನಷ್ಟು ಸೇರಿಸಿ ಒಂದು ಸಣ್ಣ ಸೌಂಡ್‌ಬಾರ್ ತಂದರು. ಅಣ್ಣನಿಗೆ 54 ಸಾವಿರದ್ದರ ಮೇಲೆ ಈಗಲೂ ಆಸೆ ಇದೆ. ರಾತ್ರಿ ಸಿನಿಮಾ ನೋಡುವವನು ಅವನೊಬ್ಬನೇ, ಅದೂ ಅರ್ಧಕ್ಕೇ ನಿದ್ದೆ. ಅವರ ಮನೆಯಲ್ಲಿ ಬಜೆಟ್ 55 ಆಗಿದ್ದು, ಎಚ್‌ಡಿ ಚಾನೆಲ್ಲೇ ನೋಡುವವರಿದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಕೂರಿಸಲು ಬಂದವನು ಮೊದಲು ಕೇಳುವ ಪ್ರಶ್ನೆ "ಹೋಮ್ ಮೋಡಾ, ಸ್ಟೋರ್ ಮೋಡಾ". ಹೋಮ್ ಒತ್ತಿಸಿದೆ. ಪಿಕ್ಚರ್ ಮೋಡನ್ನು ವಿವಿಡ್‌ನಿಂದ ಸಿನಿಮಾಕ್ಕೆ ಬದಲಿಸಿದೆ, ನಡುವಿನ ಚಿತ್ರ ಊಹಿಸಿ ತುಂಬುವ ಮೋಷನ್ ಸ್ಮೂತಿಂಗ್ ಆಫ್ ಮಾಡಿದೆ, ಎರಡು ದಿನ ಕಣ್ಣು ಒಗ್ಗಲಿ ಅಂತ ಅಪ್ಪನಿಗೆ ಹೇಳಿ ಬಂದೆ. ಮುಂದಿನ ಭಾನುವಾರ ಹೋದರೆ ಟಿವಿ ಮತ್ತೆ ವಿವಿಡ್‌ನಲ್ಲಿದೆ. "ಯಾಕಪ್ಪ?" ಅಂದೆ. "ರಾಜಕುಮಾರ್ ಶರ್ಟು ಮಂಕಾಗಿತ್ತಮ್ಮ," ಅಂದರು. "ಈಗ ನೋಡು, ಸರಿಯಾಗಿ ಕೆಂಪಗಿದೆ."